ಅಡ್ಡಗೀಟಿನ ದಿನಗಳು

ಕೂಳೂರು ಸೇತುವೆಯ ಬುಡದಲ್ಲಿ ನನ್ನ ಝೆರಾಕ್ಸ್ ಅಂಗಡಿ.
ಪಡಿತರ ಚೀಟಿ, ಮದುವೆ ಸರ್ಟಿಫಿಕೇಟು, ಸತ್ತವರ ಆಧಾರು,
ಎಲ್ಲದಕ್ಕೂ ಮೆಷಿನಿನೊಳಗೆ ಒಂದೇ ಬೆಳಕು.
ಆ ಬುಧವಾರ ಗಿರಿಜಕ್ಕ ತಂದದ್ದು ಒಂದು ನದಿ.

ಹಾಗೆಯೇ ಹೇಳಿದ್ದು ಅವಳು: "ಫಲ್ಗುಣಿ ಬಂದಿದೆ, ಅಂಚೆಯಲ್ಲಿ.
ನಲವತ್ತೊಂದು ಪುಟ. ಎಂಬತ್ತೆರಡು ರೂಪಾಯಿ ಕಟ್ಟಿಸಿಕೊಂಡರು.
ಹನ್ನೊಂದು ಪ್ರತಿ ಮಾಡು, ಮನೆಗೊಂದು."

ಲಕೋಟೆಗೆ ಮರುವಾಯಿಯ ವಾಸನೆ,
ಅದು ಅವಳ ಕೈಯದ್ದು.
ಮೂವತ್ತು ವರ್ಷ ಇಳಿತದ ನೀರಲ್ಲಿ ಎದೆಮಟ್ಟ ನಿಂತು
ಕಾಲಲ್ಲೇ ತಡಕಿ ಚಿಪ್ಪು ಹೆಕ್ಕಿದವಳು.
ಹೊಳೆಯ ತಳ ಎಲ್ಲಿ ಮರಳು, ಎಲ್ಲಿ ಕೆಸರು
ಅವಳ ಹಿಮ್ಮಡಿಗೆ ಗೊತ್ತು.

ಸೋಮವಾರ, ಗುರುವಾರ ಬಿಳಿ ಜೀಪು ಬರುತ್ತಿತ್ತು.
ಹಗ್ಗಕ್ಕೆ ಕಟ್ಟಿದ ಬಾಟಲಿ ಸೇತುವೆಯಿಂದ ಇಳಿಯುತ್ತಿತ್ತು,
ತುಂಬಿ ಏರುತ್ತಿತ್ತು.
"ಎಂತ ಸಿಕ್ಕಿತು ಮಾರಾಯ?" ಕೆಳಗಿನಿಂದ ಇವಳು ಕೂಗಿದರೆ
"ಅದು ಆಫೀಸಿಗೆ" ಅನ್ನುತ್ತಿದ್ದ.
ಒಳ್ಳೆಯವನೇ. ಒಮ್ಮೆ ಬೊಂಡ ಕೊಟ್ಟರೆ ಕುಡಿದಿದ್ದ.
ಆದರೂ ಹೊಳೆ ಜೀಪು ಹತ್ತಿ ಹೋಗುತ್ತಿತ್ತು,
ಎಂತ ಆಯಿತೆಂದು ಒಂದು ಕಾಗದ ಬರೆಯುತ್ತಿರಲಿಲ್ಲ.

ಮೆಷಿನು ಬಿಸಿಯಾಗುವ ತನಕ ಸುಮ್ಮನೆ ಓದಿದೆ.
ಠಾಣೆ ೪. ಠಾಣೆ ೭. ಠಾಣೆ ೯. ಊರಿನ ಹೆಸರಿಲ್ಲ.
ಕರಗಿದ ಆಮ್ಲಜನಕ ೬.೧, ೫.೮, ೫.೯.
ಯಾರ ಉಸಿರು ಇದು? ನಮ್ಮದಾ, ಗುರುಪುರದವರದ್ದಾ?

ಅಷ್ಟರಲ್ಲಿ ಐರಿನ್ ಬಾಯಿ ಬಂದಳು, ಸುಂದರಿ ಬಂದಳು,
ಅಕ್ಷರ ಬಾರದ ಅವ್ವಮ್ಮ ಬಂದು ನನ್ನ ಸ್ಟೂಲಿನಲ್ಲಿ ಕೂತಳು.
"ಉಪ್ಪಿನ ಸಾಲು ಉಂಟಾ ಅದರಲ್ಲಿ? ಓದು."
ಓದಿದೆ. ಕಣ್ಣು ಮುಚ್ಚಿ ಕೇಳಿದಳು.
"ಮಳೆ ಹಿಡಿದ ಕೂಡಲೇ ಉಪ್ಪು ಬಿಟ್ಟದ್ದು ಮೇಲಿನ ಹೊಳೆ.
ಆಟಿಯಲ್ಲೂ ಒಂದಿಷ್ಟು ಇಟ್ಟುಕೊಂಡದ್ದು ಅಳಿವೆ.
ನಡುವಿನದು ಯಾವುದು?"
"ಏಳು."
"ಅದು ನಮ್ಮದು."

ಆಮೇಲೆ ಕಣ್ಣಿಗೆ ಬಿದ್ದದ್ದು ಗೀಟುಗಳು.
ಅಂಕಿ ಇರಬೇಕಾದಲ್ಲಿ ಸಣ್ಣದೊಂದು ಅಡ್ಡಗೀಟು.
ಮಾರ್ಚ್ ಹತ್ತೊಂಬತ್ತು. ಇಪ್ಪತ್ತಮೂರು. ಇಪ್ಪತ್ತಾರು.
"ಹತ್ತೊಂಬತ್ತಾ?" ಐರಿನ್ ಬಾಯಿ ಬೆರಳಿಟ್ಟಳು,
"ಸಂತ ಜೋಸೆಫರ ಹಬ್ಬ. ಪೂಜೆ ಮುಗಿಸಿ ಬರುವಾಗ
ಕಾನೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು."
ಸುಂದರಿಯ ತಂಗಿ ಹೆತ್ತದ್ದೂ ಅದೇ ವಾರ;
ಬಾಣಂತಿಗೆ ಮರುವಾಯಿ ಸಾರು ಕೊಡದೆ ಚೆಲ್ಲಿದ್ದು.

ಕೊನೆಯ ಪುಟದ ಅಡಿಯಲ್ಲಿ ಇರುವೆಯಷ್ಟು ಅಕ್ಷರ:
ಅಡ್ಡಗೀಟು ಎಂದರೆ ಮಾದರಿ ಸಂಗ್ರಹಿಸಿಲ್ಲ.
ಗಿರಿಜಕ್ಕ ನಗಲಿಲ್ಲ, ಬೈಯಲಿಲ್ಲ.
"ಜೀಪು ಬಂದಿತ್ತು. ಬಾಟಲಿಯ ಹಗ್ಗ ಕಂಬಕ್ಕೆ ಸಿಕ್ಕಿಕೊಂಡಾಗ
ಮೂಗು ಮುಚ್ಚಿಕೊಂಡು ಬಿಡಿಸಿ ಕೊಟ್ಟದ್ದು ನಾನು."

ಜೀವ ಇರುವ ಮರುವಾಯಿ ಮುಟ್ಟಿದರೆ ಬಾಯಿ ಬಿಗಿಯುತ್ತದೆ.
ಸತ್ತದ್ದು ಬಿಟ್ಟ ಬಾಯಿ ಮುಚ್ಚುವುದಿಲ್ಲ.
ಆ ವಾರ ಬುಟ್ಟಿ ಬುಟ್ಟಿ ಬಾಯಿ ಬಿಟ್ಟಿದ್ದವು,
ಬರೆದುಕೊಳ್ಳುವವರು ಇರಲಿಲ್ಲ.

"ಪೆನ್ಸಿಲ್ ಕೊಡು," ಅಂದಳು.
ಗೀಟಿನ ಪಕ್ಕದಲ್ಲಿ, ಏಳನೇ ಕ್ಲಾಸಿನ ದುಂಡು ಅಕ್ಷರ:
ಕಾನೆ, ಲೆಕ್ಕ ಇಲ್ಲ. ಮರುವಾಯಿ ಸತ್ತದ್ದು ಆರು ಬುಟ್ಟಿ.
ನೀರು ಚಾ ಕಣ್ಣು. ವಾಸನೆ ಕೊಳೆತ ಮೊಟ್ಟೆಯದ್ದು.
ನೋಡಿದವರು: ಕೆಳಗೆ ನಾಲ್ಕು ಹೆಸರು,
ಅವ್ವಮ್ಮನದ್ದು ಹೆಬ್ಬೆಟ್ಟು, ನನ್ನ ಸ್ಟ್ಯಾಂಪಿನ ಶಾಯಿಯಲ್ಲಿ.

ಪೆನ್ಸಿಲ್ ಝೆರಾಕ್ಸಿನಲ್ಲಿ ಮಸುಕಾಗಿ ಬರುತ್ತದೆ.
ಕಪ್ಪು ಹೆಚ್ಚಿಸುವ ಗುಂಡಿ ಎರಡು ಸಲ ಒತ್ತಿದೆ.
ಅವಳ ಅಕ್ಷರ ದಪ್ಪವಾಯಿತು.
ಅವರ ಗೀಟೂ.

ಹನ್ನೊಂದಲ್ಲ, ಹನ್ನೆರಡು ತೆಗೆದೆ.
ಒಂದು ನನ್ನ ಶಟರಿನ ಮೇಲೆ ಅಂಟಿಸಿದ್ದೇನೆ,
ರೀಚಾರ್ಜಿನ ಪೋಸ್ಟರು ಕಿತ್ತು.
ಬಸ್ಸಿಗೆ ನಿಂತವರು ಓದುತ್ತಾರೆ, ಕೆಲವರು ಬೆರಳಿಟ್ಟು.

ನಾಳೆ ಗುರುವಾರ.
ಅಂಗಡಿ ಅರ್ಧ ಗಂಟೆ ಮುಚ್ಚಿ ಸೇತುವೆಗೆ ಹೋಗುತ್ತೇನೆ.
ಬಾಟಲಿ ಇಳಿಯುವಾಗ ಗಂಟೆ ನೋಡಿ ಬರೆಯಲಿಕ್ಕೆ ಉಂಟು.